ಎರಡಿಂಚು ಕಳೆಯುವ ಮನೆ

ಡಿಸೆಂಬರ್ 2, ಸೋಮವಾರ

ಅಕ್ಕ ಈ ವರ್ಷವೂ ಬರುವುದಿಲ್ಲವಂತೆ. ಭಾವ ಫೋನಿನಲ್ಲಿ ಹೇಳಿದರು. ವರ್ಷಕೊನೆಯ ರಜೆಗೆ ಮಗಳು, ಅಳಿಯನ ಜೊತೆ ಅವರು ಬರುತ್ತಾರೆ. ಅಕ್ಕ ಮಾತ್ರ ಪಕ್ಕದ ಮನೆಯಾಕೆಯನ್ನು ಜೊತೆಗಿಟ್ಟುಕೊಂಡು ಅಲ್ಲೇ ಉಳಿಯುತ್ತಾಳೆ. ಅವಳೇ ಹಠ ಹಿಡಿದು ಕಳಿಸುತ್ತಿದ್ದಾಳೆ, ನಾನೇನು ಮಾಡಲಿ ಎಂದರು. ನಾನು "ಸರಿ ಭಾವ" ಎಂದೆ. ನಾನು ಎಲ್ಲದಕ್ಕೂ ಸರಿ ಎನ್ನುತ್ತೇನೆ.

ಹೀಗೆ ತಪ್ಪಿಸಿಕೊಳ್ಳುತ್ತಿರುವುದು ಇದು ಮೂರನೇ ಸಲ. ಕಾರಣ ಎಲ್ಲರಿಗೂ ಗೊತ್ತು, ಬಾಯಿಬಿಟ್ಟು ಯಾರೂ ಹೇಳುವುದಿಲ್ಲ. ಇಲ್ಲಾದರೂ ಬರೆದಿಡುತ್ತೇನೆ.

ಬೆನ್ನಿನ ಆಪರೇಷನ್ ಆದ ಮೇಲೆ ಅಕ್ಕನ ಕಾಲು ನಿಲ್ಲಲಿಲ್ಲ. ಗಾಲಿಕುರ್ಚಿ ಬಂತು. ಆ ವರ್ಷದ ಕೊನೆಗೆ ಎಲ್ಲರೂ ಇಲ್ಲಿ ಸೇರಿದೆವು. ನಮ್ಮ ಮುಂಬಾಗಿಲಿಗೆ ಮೂರು ಮೆಟ್ಟಿಲು. ತಮ್ಮ, ಭಾವ, ಎದುರುಮನೆಯ ಇಬ್ಬರು ಗಂಡಸರು ಸೇರಿ ಕುರ್ಚಿ ಸಮೇತ ಅವಳನ್ನು ಎತ್ತಿದರು. ಕುರ್ಚಿ ಒಂದು ಕಡೆಗೆ ವಾಲಿತು. ಒಂದು ಚಪ್ಪಲಿ ಕೆಳಗೆ ಬಿತ್ತು. ಅಕ್ಕ ಯಾರ ಮುಖವನ್ನೂ ನೋಡದೆ ಬಾಗಿಲ ಮೇಲಿನ ಸಜ್ಜೆಯ ಕಡೆ ನೋಡುತ್ತಿದ್ದಳು. ನಾನು ಬಾಗಿಲಲ್ಲಿ ನಿಂತಿದ್ದೆ. "ದಾರಿ ಬಿಡಿ, ದಾರಿ ಬಿಡಿ, ಕಬ್ಬಿಣದ ಬೀರು ಬಂತು" ಎಂದೆ.

ವರ್ಷಕ್ಕೊಂದು ತಮಾಷೆ ಮಾಡುವವಳು ನಾನು. ನಾನು ಮಾಡಿದೆ ಎಂಬುದಕ್ಕೇ ಎಲ್ಲರೂ ನಕ್ಕರು. ಅಕ್ಕನೂ ನಕ್ಕಳು. ಒಳಗೆ ಬಂದ ಮೇಲೆ ಬಚ್ಚಲಿನ ಬಾಗಿಲಲ್ಲಿ ಕುರ್ಚಿ ತೂರಲಿಲ್ಲ. ಪ್ರತಿ ಸಲವೂ ಭಾವ ಅವಳನ್ನು ಎತ್ತಿಕೊಂಡು ಹೋಗಬೇಕಾಯಿತು, ಯಾರಾದರೂ ಬಾಗಿಲಿಗೆ ಹೊದಿಕೆ ಹಿಡಿದು ನಿಲ್ಲಬೇಕಾಯಿತು. ಹತ್ತು ದಿನಕ್ಕೆಂದು ಬಂದವಳು ಮೂರನೇ ದಿನ ಹೊರಟಳು.

ಆಮೇಲೆ ನಾನು ತಮಾಷೆ ಮಾಡಿಲ್ಲ.

ಡಿಸೆಂಬರ್ 4, ಬುಧವಾರ

ಕಚೇರಿಯಲ್ಲಿ ಈ ತಿಂಗಳು ಉಸಿರಾಡಲು ಬಿಡುವಿಲ್ಲ. ರಜೆಯ ವ್ಯಾಪಾರಕ್ಕೆ ಮುಂಚೆ ಅಂಗಡಿಯವರೆಲ್ಲ ತಕ್ಕಡಿ, ತೂಕದ ಕಲ್ಲು, ಅಳತೆಪಟ್ಟಿ ತಂದು ಪರೀಕ್ಷೆ ಮಾಡಿಸಿಕೊಳ್ಳುತ್ತಾರೆ. ಸರಿಯಿದ್ದರೆ ನಾನು ಮುದ್ರೆ ಒತ್ತುತ್ತೇನೆ. ಇಪ್ಪತ್ತೆರಡು ವರ್ಷದಿಂದ ಒತ್ತುತ್ತಿದ್ದೇನೆ.

ಇವತ್ತು ಒಬ್ಬ ಸಿಮೆಂಟ್ ವ್ಯಾಪಾರಿ ಮೂಟೆಗಾಡಿಯನ್ನು ದೊಡ್ಡ ತಕ್ಕಡಿಯ ವೇದಿಕೆಗೆ ಹತ್ತಿಸಿದ. ವೇದಿಕೆಗೆ ಒಂದು ಇಳಿಜಾರು ಇದೆ. ಒಬ್ಬನೇ, ಒಂದೇ ಕೈಯಲ್ಲಿ ತಳ್ಳಿದ. ಇನ್ನೊಂದು ಕೈಯಲ್ಲಿ ಫೋನು. ನಾನು ಮುದ್ರೆ ಹಿಡಿದುಕೊಂಡು ನೋಡುತ್ತಾ ನಿಂತೆ. ಇಷ್ಟು ವರ್ಷ ದಿನವೂ ಕಂಡದ್ದು ಇವತ್ತು ಕಣ್ಣಿಗೆ ಬಿತ್ತು.

ಇಳಿಜಾರು ಎಷ್ಟು ಉದ್ದ ಇರಬೇಕೆಂದು ಹಳೆಯ ಜವಾನರನ್ನು ಕೇಳಿದೆ. ಒಂದು ಇಂಚು ಎತ್ತರಕ್ಕೆ ಒಂದು ಅಡಿ ಉದ್ದ, ಅದಕ್ಕಿಂತ ಕಡಿಮೆ ಇದ್ದರೆ ಎದೆ ಒಡೆಯುತ್ತದಮ್ಮ ಎಂದರು.

ತಮ್ಮನನ್ನು ಕೇಳಬೇಕು.

ಡಿಸೆಂಬರ್ 5, ಗುರುವಾರ

ಮೆಟ್ಟಿಲು ಅಳೆದೆ. ಅಪ್ಪನ ಟೇಪಿನಲ್ಲಿ ಇಪ್ಪತ್ತು ಇಂಚು ಬಂತು. ಅಂದರೆ ಹದಿನೆಂಟು.

ಅಪ್ಪ ದರ್ಜಿ. ಅವರ ಬಟ್ಟೆಯ ಟೇಪಿನ ಮೊದಲ ಎರಡು ಇಂಚು ಯಾವಾಗಲೋ ಸವೆದು ಹರಿದುಹೋಗಿತ್ತು. ಹೊಸದು ತರಲಿಲ್ಲ, ಬಂದ ಅಂಕಿಯಲ್ಲಿ ಎರಡು ಕಳೆಯುತ್ತಿದ್ದರು. ನಾವು ಮೂವರೂ ಓದು ಬರಹಕ್ಕಿಂತ ಮುಂಚೆ ಕಲಿತದ್ದು ಅದನ್ನೇ. ಎರಡಿಂಚು ಕಳೆ. ಅಪ್ಪ ಹೋದ ಮೇಲೂ ಈ ಮನೆಯಲ್ಲಿ ಪರದೆ, ಹಾಸಿಗೆ, ಮಕ್ಕಳ ಎತ್ತರ ಎಲ್ಲಕ್ಕೂ ಅದೇ ಟೇಪು.

ಸಂಜೆ ತಮ್ಮ ಬಂದಿದ್ದ. ಎರಡು ಬೀದಿ ಆಚೆ ಅವನ ಮನೆ. ಬಡಗಿ ಕೆಲಸ, ಹೆಚ್ಚಾಗಿ ಅಡುಗೆಮನೆಯ ಕಪಾಟುಗಳು. ವಿಷಯ ಹೇಳುತ್ತಿದ್ದಂತೆ ಉತ್ಸಾಹ ಬಂತು. ಆರು ಅಡಿಯ ಎರಡು ಹಲಗೆ ಸಾಕು, ಹಿಂದಿನಿಂದ ನಾನೂ ಭಾವನೂ ತಳ್ಳಿದರೆ ಒಂದೇ ಉಸಿರಿಗೆ ಮೇಲೆ ಎಂದ. ಹದಿನೆಂಟು ಅಡಿ ಬೇಕು ಎಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅವನು ಮಾತು ಬೇರೆ ಕಡೆ ತಿರುಗಿಸಿದ್ದ.

ಚಿಕ್ಕಮ್ಮ ನನ್ನ ಜೊತೆಗೇ ಇರುವುದು. ಕಿವಿ ಅರ್ಧ ಕೇಳುತ್ತದೆ, ಬಾಯಿ ಪೂರ್ತಿ ಇದೆ. "ಮೊದಲು ಅವಳನ್ನ ಹೋಗಿ ಕೇಳೇ. ಮದುಮಗಳನ್ನ ಬಿಟ್ಟು ಬಂಧುಬಳಗವೆಲ್ಲ ಮಾತಾಡಿದ ಹಾಗಾಯ್ತು" ಎಂದರು.

ಡಿಸೆಂಬರ್ 8, ಭಾನುವಾರ

ರೈಲಿನಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಕುಣಿಯುತ್ತಿದೆ. ಹೋಗುವಾಗ ಐದು ಗಂಟೆ, ಅಲ್ಲಿ ಮೂರು ಗಂಟೆ, ಈಗ ಮತ್ತೆ ಐದು ಗಂಟೆ.

ಹೇಳದೆ ಹೋದೆ. ಹೇಳಿದ್ದರೆ ಬೇಡ ಎನ್ನುತ್ತಿದ್ದಳು. ಅಕ್ಕ ಕಿಟಕಿಯ ಪಕ್ಕದಲ್ಲಿ ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು. ಕೈಯಿಂದ ತಿರುಗಿಸುವ ಯಂತ್ರ. ಅಪ್ಪನ ಕೈಗುಣ ಬಂದದ್ದು ಅವಳೊಬ್ಬಳಿಗೇ. ಮೂವತ್ತು ಅಂಗಿಗೆ ಗುಂಡಿಯ ಕಾಜ ಹಾಕುವುದಿತ್ತು. ನನ್ನನ್ನು ನೋಡಿ ಸೂಜಿ ಎತ್ತದೆ, "ಯಾರು ಸತ್ರು?" ಎಂದಳು.

ರೈಲಿನಲ್ಲಿ ಐದು ಗಂಟೆ ಅಭ್ಯಾಸ ಮಾಡಿಕೊಂಡು ಹೋಗಿದ್ದ ಮಾತು ಒಂದೇ ಒಂದು, ಆ ದಿನ ಹಾಗೆ ಅಂದದ್ದು ತಪ್ಪಾಯಿತು ಅಂತ. ಅದು ಬರಲಿಲ್ಲ. ಮೆಟ್ಟಿಲು, ಇಳಿಜಾರು, ಹದಿನೆಂಟು ಅಡಿ, ಇವೇ ಬಂದವು. ಅವಳು ಒಂದು ಕಾಜ ಮುಗಿಸಿದಳು, ಇನ್ನೊಂದು ಶುರುಮಾಡಿದಳು. ಹಿತ್ತಲ ಕಡೆಗೆ ಒಂದೇ ಮೆಟ್ಟಿಲು, ಅಲ್ಲಿಂದಾದರೆ ಸುಲಭ ಎಂದೂ ಹೇಳಿದೆ.

"ಹಿತ್ತಲಿಂದ ಬರಕ್ಕೆ ನಾನೇನು ಹಾಲು ಕದಿಯೋ ಬೆಕ್ಕಾ?"

ಆಮೇಲೆ ಕತ್ತರಿ ಕೆಳಗಿಟ್ಟು ನಿಧಾನವಾಗಿ ಹೇಳಿದಳು. ಅವಳ ಮಾತನ್ನು ಹಾಗೆಯೇ ಬರೆಯುತ್ತೇನೆ, ಆಮೇಲೆ ತಿರುಚಬಾರದು.

"ಮುಂಬಾಗಿಲಿಂದ ಬರ್ತೀನಿ. ಯಾರೂ ಎತ್ತಬಾರದು, ಯಾರೂ ತಳ್ಳಬಾರದು. ಬಚ್ಚಲಿಗೆ ನಾನೊಬ್ಬಳೇ ಹೋಗಿ ಒಳಗಿಂದ ಚಿಲಕ ಹಾಕ್ಕೋಬೇಕು. ಇಷ್ಟು ಆಗುತ್ತೆ ಅಂತ ನೀನು ಹೇಳು, ತಮ್ಮ ಬೇಡ. ನೀನು ಹೇಳಿದರೆ ಬರ್ತೀನಿ. ಬಂದು ನೋಡಿ ಆಗಿಲ್ಲ ಅಂದರೆ ಗೇಟಿಂದಲೇ ವಾಪಸ್ಸು. ಮತ್ತೆ ಯಾವತ್ತೂ ಕರೀಬೇಡಿ."

ಆಗುತ್ತದೆ ಎಂದೆ. ಇಪ್ಪತ್ತಾರಕ್ಕೆ ಎಂದೆ. ಯಾಕೆ ಅಷ್ಟು ಖಚಿತವಾಗಿ ಹೇಳಿದೆನೋ ಗೊತ್ತಿಲ್ಲ.

ಅಳತೆ ತೆಗೆದೆವು. ಕುರ್ಚಿಯ ಅಗಲ ಮಾತ್ರ ಸಾಲದು ಎಂದಳು. ಗಾಲಿ ಹಿಡಿದು ತಿರುಗಿಸುವಾಗ ಎರಡೂ ಮುಷ್ಟಿ ಹೊರಗೆ ಬರುತ್ತವೆ. ಗೆಣ್ಣಿನಿಂದ ಗೆಣ್ಣಿಗೆ ಅಳೆಯಬೇಕು. ಜೊತೆಗೆ ಒಯ್ದಿದ್ದ ಅಪ್ಪನ ಟೇಪಿನಲ್ಲಿ ಮೂವತ್ತೆರಡು. ಎರಡು ಕಳೆದು ಮೂವತ್ತು. ಅಷ್ಟಕ್ಕೆ ಅವಳಿಗೆ ಸಮಾಧಾನವಿಲ್ಲ. ಅಳತೆ ಬಾಯಿಂದ ಬಾಯಿಗೆ ಹೋದರೆ ಕೆಡುತ್ತದೆ ಎನ್ನುತ್ತಾ ಅಂಗಿಬಟ್ಟೆಯ ಅಂಚಿನಿಂದ ಒಂದು ಪಟ್ಟಿ ಕತ್ತರಿಸಿ, ಗೆಣ್ಣಿನಿಂದ ಗೆಣ್ಣಿಗೆ ಹಿಡಿದು, ಸರಿಯಾಗಿ ಅಷ್ಟಕ್ಕೆ ತುಂಡು ಮಾಡಿ ಕೊಟ್ಟಳು. ನೀಲಿ ಗೆರೆಯ ಪಟ್ಟಿ. ಈ ಪುಸ್ತಕದಲ್ಲಿ ಗುರುತಿಗೆ ಇಟ್ಟುಕೊಂಡಿದ್ದೇನೆ.

ಡಿಸೆಂಬರ್ 9, ಸೋಮವಾರ

ತಮ್ಮನಿಗೆ ಫೋನು ಮಾಡಿ ಬಚ್ಚಲಿನ ಬಾಗಿಲು ಮೂವತ್ತು ಇಂಚು ಬೇಕು ಎಂದೆ. ಯಾವ ಟೇಪು ಎಂದು ಕೇಳಿದ. ಅಪ್ಪನದು ಎಂದೆ. ಸರಿ ಬಿಡು, ನಾನು ನೋಡಿಕೊಳ್ಳುತ್ತೇನೆ ಎಂದ. ಈಗಿರುವ ಬಾಗಿಲು ಇಪ್ಪತ್ನಾಲ್ಕು. ಗೋಡೆ ಒಡೆಯಬೇಕು.

ಡಿಸೆಂಬರ್ 11, ಬುಧವಾರ

ಹದಿನೆಂಟು ಅಡಿ ಎಂದು ಕೊನೆಗೂ ಹೇಳಿದೆ. ತಮ್ಮ ಅಂಗಳವನ್ನು ಹೆಜ್ಜೆ ಹಾಕಿ ಅಳೆದ. ಗೇಟಿನಿಂದ ಬಾಗಿಲಿಗೆ ನೇರವಾಗಿ ಜಾಗವಿಲ್ಲ. ಮನೆಯ ಮುಂಗೋಡೆಗೆ ಒತ್ತಿಕೊಂಡು, ಮೂಲೆಯಿಂದ ಬಾಗಿಲವರೆಗೆ ತಂದರೆ ಸರಿಯಾಗಿ ಹದಿನೆಂಟು ಸಿಗುತ್ತದೆ. ಆದರೆ ನಡುವೆ ಅಪ್ಪನ ಕಟ್ಟೆ ಇದೆ. ಅವರೇ ಇಟ್ಟಿಗೆ ಸಿಮೆಂಟು ಹಾಕಿ ಕಟ್ಟಿದ್ದು. ಅಂಗಡಿಯಿಂದ ಬಂದು ಕೂತು, ಶೂ ಬಿಚ್ಚಿ, ಒಂದು ಸಿಗರೇಟು ಸೇದಿ ಆಮೇಲೆ ಒಳಗೆ ಬರುತ್ತಿದ್ದರು.

ತಮ್ಮ ಹೇಳಿದ, ಕಟ್ಟೆ ಮುಟ್ಟುವುದು ಬೇಡ, ಅದರ ಮುಂದಿನಿಂದ ಹನ್ನೊಂದು ಅಡಿಯ ಇಳಿಜಾರು ಮಾಡೋಣ, ಸ್ವಲ್ಪ ಕಡಿದಾಗುತ್ತದೆ, ಯಾರಾದರೂ ಒಂದು ಕೈ ಕೊಟ್ಟರೆ ಆಯಿತು. ಅಪ್ಪನ ನೆನಪು ಅಂತ ಈ ಮನೆಯಲ್ಲಿ ಉಳಿದಿರುವುದು ಅದೊಂದೇ ಎಂದ.

ಅದೊಂದೇ ಅಲ್ಲ, ನಾವು ಮೂವರಿದ್ದೇವೆ ಎನ್ನಬೇಕೆಂದುಕೊಂಡೆ. ಅವನು ಹೋದ ಮೇಲೆ ಹೊಳೆಯಿತು. ನನಗೆ ಉತ್ತರಗಳೆಲ್ಲ ಹೀಗೆಯೇ, ಬಸ್ಸು ಹೊರಟ ಮೇಲೆ ಬರುತ್ತವೆ.

ಡಿಸೆಂಬರ್ 14, ಶನಿವಾರ

ಕಟ್ಟೆ ಒಡೆದೆ.

ಬೆಳಿಗ್ಗೆ ಎದುರುಮನೆಯ ಮೆಕ್ಯಾನಿಕ್ಕನ ಹತ್ತಿರ ದೊಡ್ಡ ಸುತ್ತಿಗೆ ಕೇಳಿದೆ. ಯಾರು ಹೊಡೆಯುವುದು ಎಂದ. ನಾನು ಎಂದೆ. ಸುತ್ತಿಗೆಯ ಜೊತೆ ಕನ್ನಡಕವನ್ನೂ ಕೊಟ್ಟ, ಕಣ್ಣಿಗೆ ಚೂರು ಸಿಡಿಯುತ್ತದೆ ಅಂತ. ಮೊದಲ ಏಟಿಗೆ ಕಟ್ಟೆಗೆ ಏನೂ ಆಗಲಿಲ್ಲ, ನನ್ನ ಭುಜ ಮಾತ್ರ ಝುಮ್ಮೆಂದಿತು. ಹತ್ತನೆಯದಕ್ಕೋ ಹನ್ನೊಂದನೆಯದಕ್ಕೋ ಮೂಲೆ ಬಿಟ್ಟಿತು. ಚಿಕ್ಕಮ್ಮ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತರು. "ಬಲಕ್ಕೆ ಹೊಡಿ. ಬಲಕ್ಕೆ. ಅಡುಗೆಮನೇಲಿ ಒಂದು ತೆಂಗಿನಕಾಯಿ ಒಡೆಯಕ್ಕೆ ನನ್ನ ಕರೆಯೋಳು" ಎಂದರು.

ತಮ್ಮ ಬಂದಾಗ ಅರ್ಧ ಕೆಡವಿದ್ದೆ. ಗೇಟಿನಲ್ಲಿ ನಿಂತು ನೋಡುತ್ತಿದ್ದ. ಬೈಯುತ್ತಾನೆ ಎಂದುಕೊಂಡೆ. ನಾನು ನಿಲ್ಲಿಸಲಿಲ್ಲ, ನಿಲ್ಲಿಸಿದ್ದರೆ ಮತ್ತೆ ಎತ್ತಲು ಆಗುತ್ತಿರಲಿಲ್ಲ. ಕೊನೆಗೆ ಒಳಗೆ ಬಂದು ಅಂಗಿ ತೋಳು ಮಡಚಿ, "ಸುತ್ತಿಗೆ ಹಿಡಿಯೋದು ಹಾಗಲ್ಲ ಚಿಕ್ಕಕ್ಕ, ಕೊಡಿಲ್ಲಿ" ಎಂದ.

ಕಟ್ಟೆಯ ಹೊಟ್ಟೆಯಲ್ಲಿ ಅಪ್ಪ ತುಂಬಿದ್ದು ಒಡೆದ ಹೆಂಚು, ಮಣ್ಣು, ಒಂದು ಸಣ್ಣ ರಬ್ಬರ್ ಚಪ್ಪಲಿ. ತಮ್ಮನದು. ಅವನಿಗೆ ಐದು ವರ್ಷ ಇದ್ದಾಗ ಕಳೆದುಹೋದದ್ದು. ನಾನೇ ಕಳೆದೆ ಎಂದು ನನಗೆ ಏಟು ಬಿದ್ದಿತ್ತು. ನಾನು ಅಲ್ಲ ಎಂದು ಆಗಲೂ ಹೇಳಿರಲಿಲ್ಲ. ತಮ್ಮ ಅದನ್ನು ಮಣ್ಣು ಕೊಡವಿ ನೋಡಿ, ನಕ್ಕು, ನನ್ನ ಕೈಗೆ ಕೊಟ್ಟ. "ತಗೋ. ನಲವತ್ತು ವರ್ಷದ ಮೇಲೆ ಕೇಸು ನೀನೇ ಗೆದ್ದೆ."

ಡಿಸೆಂಬರ್ 16, ಸೋಮವಾರ

ಮೈಕೈ ನೋವು. ಮುದ್ರೆ ಒತ್ತಲು ಎಡಗೈ ಬಳಸಿದೆ.

ಡಿಸೆಂಬರ್ 18, ಬುಧವಾರ

ತಮ್ಮನಿಗೂ ಇದು ಸುಗ್ಗಿಯ ಕಾಲ. ನೆಂಟರು ಬರುವ ಮೊದಲು ಊರವರಿಗೆಲ್ಲ ಹೊಸ ಕಪಾಟು ಬೇಕು. ಹಗಲು ಅವರ ಕೆಲಸ ಮುಗಿಸಿ ಸಂಜೆ ಎರಡು ಗಂಟೆಯ ಮಟ್ಟಿಗೆ ನಮ್ಮಲ್ಲಿಗೆ ಬರುತ್ತಾನೆ. ಇಳಿಜಾರಿನ ಮರದ ಚೌಕಟ್ಟು ನಿಂತಿದೆ. ಅವನು ಗುರುತು ಹಾಕಿಟ್ಟು ಹೋಗುತ್ತಾನೆ, ಮಾರನೆಯ ಬೆಳಿಗ್ಗೆ ಕಚೇರಿಗೆ ಹೊರಡುವ ಮುಂಚೆ ನಾನು ರಂಧ್ರ ಕೊರೆದಿಡುತ್ತೇನೆ. ಡ್ರಿಲ್ಲಿನ ಸದ್ದಿಗೆ ಮೊದಲ ದಿನ ಕಣ್ಣು ಮುಚ್ಚಿಕೊಂಡಿದ್ದೆ. ಇವತ್ತು ಹದಿನಾಲ್ಕು ರಂಧ್ರ.

ಬಚ್ಚಲಿನ ಗೋಡೆ ಒಡೆದು, ಹೊಸ ಚೌಕಟ್ಟು ಕೂರಿಸಿ, ಪಕ್ಕಕ್ಕೆ ಜಾರುವ ಬಾಗಿಲು ತೂಗುಹಾಕಿದ್ದಾನೆ. ಇದಕ್ಕೆಂದೇ ಒಂದು ಹಗಲು ಬಿಡುವು ಮಾಡಿಕೊಂಡು, ನಾನು ಕಚೇರಿಯಲ್ಲಿದ್ದಾಗ ಬಂದು ಮುಗಿಸಿದ. ನೋಡಲು ಚೆನ್ನಾಗಿದೆ. ಒಂದು ಬೆರಳಿಗೆ ಜಾರುತ್ತದೆ.

ಡಿಸೆಂಬರ್ 20, ಶುಕ್ರವಾರ

ಇಳಿಜಾರಿಗೆ ಹಲಗೆ ಬಿತ್ತು. ಎರಡೂ ಬದಿಗೆ ಕೈಪಟ್ಟಿ. ಗಾಲಿ ಜಾರದಿರಲೆಂದು ಬಣ್ಣಕ್ಕೆ ಮರಳು ಕಲಸಿ ಬಳಿದೆವು. ಕಡು ಹಸಿರು. ಡಬ್ಬಿಯ ಮೇಲೆ ಬೂದು ಬಣ್ಣ ಎಂದು ಬರೆದಿತ್ತು.

ಡಿಸೆಂಬರ್ 21, ಶನಿವಾರ

ಕಚೇರಿಯಲ್ಲಿ ಪರೀಕ್ಷೆ ಮಾಡದೆ ಒಂದು ತಕ್ಕಡಿಯನ್ನೂ ಹೊರಗೆ ಬಿಡುವುದಿಲ್ಲ. ಇದನ್ನು ಹೇಗೆ ಬಿಡುವುದು. ಗಾಲಿಕುರ್ಚಿ ಇಲ್ಲಿಲ್ಲ. ಕಸಬರಿಗೆಯ ಕೋಲು ತೆಗೆದುಕೊಂಡೆ. ಈ ಪುಸ್ತಕದಿಂದ ಅಕ್ಕನ ನೀಲಿ ಪಟ್ಟಿ ತೆಗೆದು ಅದರ ಮೇಲಿಟ್ಟು, ಅಷ್ಟಕ್ಕೇ ಗರಗಸದಿಂದ ಕತ್ತರಿಸಿದೆ. ಸೊಂಟಕ್ಕೆ ಅಡ್ಡವಾಗಿ ಹಿಡಿದುಕೊಂಡು ಗೇಟಿನಿಂದ ನಡೆದೆ. ಇಳಿಜಾರು ಹತ್ತಿದೆ. ಮುಂಬಾಗಿಲು ದಾಟಿದೆ. ತಮ್ಮನ ಮಗಳು ಸೋಫಾದಲ್ಲಿ ಬಿದ್ದು ನಗುತ್ತಿದ್ದಳು. "ಅತ್ತೆ, ಹಗ್ಗದ ಮೇಲೆ ನಡೀತಿದೀರಾ?" ಎಂದಳು. ನಡುಮನೆ, ಓಣಿ, ಎಲ್ಲ ಸರಿ.

ಬಚ್ಚಲಿನ ಬಾಗಿಲಲ್ಲಿ ಕೋಲು ಟಕ್ಕೆಂದು ನಿಂತಿತು.

ಇನ್ನೊಮ್ಮೆ ನಡೆದೆ. ಮತ್ತೆ ನಿಂತಿತು. ತಮ್ಮನ ಉಕ್ಕಿನ ಟೇಪು ಹಿಡಿದು ನೋಡಿದೆ. ಇಪ್ಪತ್ತೆಂಟು.

ತಮ್ಮ ಬಂದ. ಅವನೂ ಅಳೆದ. ತಲೆ ಕೆರೆದುಕೊಂಡ. "ನೀನು ಮೂವತ್ತು ಅಂದೆ. ಅಪ್ಪನ ಟೇಪು ಅಂದೆ. ನಾನು ಎರಡು ಕಳೆದೆ" ಎಂದ.

"ಎರಡು ಕಳೆದೇ ಮೂವತ್ತು ಅಂದದ್ದು ನಾನು."

ಇಬ್ಬರೂ ಓಣಿಯಲ್ಲಿ ನಿಂತೆವು. ಲೋಕದಲ್ಲಿ ಬೇರೆ ಯಾವ ಮನೆಯಲ್ಲೂ ಈ ತಪ್ಪು ಆಗಲು ಸಾಧ್ಯವಿಲ್ಲ. ಚಿಕ್ಕಮ್ಮನಿಗೆ ಎರಡು ಸಲ ಕೂಗಿ ಹೇಳಿದೆವು. ಅರ್ಥವಾದ ಮೇಲೆ, "ಊರ ತಕ್ಕಡಿಗೆಲ್ಲ ಮುದ್ರೆ ಹಾಕೋಳು ಒಬ್ಬಳು, ಕೂದಲೆಳೆ ಲೆಕ್ಕದಲ್ಲಿ ಮರ ಕುಯ್ಯೋನು ಒಬ್ಬ. ಮನೇಲಿ ಮಾತ್ರ ಹರಿದ ಟೇಪು" ಎಂದರು.

ತಮ್ಮ ಸಮಾಧಾನ ಹೇಳಿದ. ಕುರ್ಚಿಯ ಅಗಲ ಇಪ್ಪತ್ತೈದೇ ಅಲ್ಲವೇ, ಗಾಲಿ ಆರಾಮಾಗಿ ಹೋಗುತ್ತದೆ, ಅವಳ ಕೈ ಮಾತ್ರ ತಾಗುತ್ತದೆ. ಬಾಗಿಲ ಹತ್ತಿರ ಕೈ ತೆಗೆದು ಮಡಿಲಲ್ಲಿ ಇಟ್ಟುಕೊಳ್ಳಲಿ, ಹಿಂದಿನಿಂದ ಯಾರಾದರೂ ಒಂದು ಚೂರು ತಳ್ಳಿದರೆ ಮುಗಿಯಿತು. ಗಾರೆ ಒಣಗಿದೆ, ಚೌಕಟ್ಟು ಗಟ್ಟಿಯಾಗಿ ಕೂತಿದೆ, ನಾಳೆಯಿಂದ ಇಪ್ಪತ್ತೈದರವರೆಗೆ ಒಬ್ಬರ ಅಡುಗೆಮನೆ ಮುಗಿಸಿಕೊಡುತ್ತೇನೆಂದು ಮಾತು ಕೊಟ್ಟಿದ್ದೇನೆ. ಎರಡಿಂಚು ತಾನೇ.

"ಇಲ್ಲ" ಎಂದೆ.

ಅವನು ನನ್ನನ್ನೇ ನೋಡಿದ.

"ಆ ಒಂದು ಚೂರಿಗೇ ಅವಳು ಮೂರು ವರ್ಷ ಬಂದಿಲ್ಲ. ನಾನು ಮಾತು ಕೊಟ್ಟಿದೀನಿ. ನೀನು ಅವರ ಅಡುಗೆಮನೆ ಮುಗಿಸು, ಇದನ್ನ ನಾನು ನೋಡ್ಕೋತೀನಿ."

ಏನು ನೋಡಿಕೊಳ್ಳುತ್ತೇನೋ ಗೊತ್ತಿಲ್ಲ.

ಡಿಸೆಂಬರ್ 22, ಭಾನುವಾರ

ಬೆಳಗಿನಿಂದ ಬಚ್ಚಲಿನ ಮುಂದೆ ಸ್ಟೂಲು ಹಾಕಿಕೊಂಡು ಕೂತು ಬಾಗಿಲನ್ನು ನೋಡಿದೆ. ಚಿಕ್ಕಮ್ಮ ಎರಡು ಸಲ ಒಳಗೆ ಹೋಗಬೇಕಾಗಿ ಬಂದು ಎರಡು ಸಲವೂ ಎಬ್ಬಿಸಿದರು.

ಮಧ್ಯಾಹ್ನದ ಹೊತ್ತಿಗೆ ಒಂದು ಪ್ರಶ್ನೆ ಬಂತು. ಬಾಗಿಲು ಜಾರುವುದು ಗೋಡೆಯ ಹೊರಗೆ, ಮೇಲಿನ ಕಂಬಿಗೆ ತೂಗಿಕೊಂಡು. ಚೌಕಟ್ಟನ್ನು ಅದು ಮುಟ್ಟುವುದೇ ಇಲ್ಲ. ಹಾಗಾದರೆ ಚೌಕಟ್ಟು ಯಾತಕ್ಕೆ?

ತಮ್ಮನಿಗೆ ಫೋನು ಮಾಡಿದೆ. "ಬಾಗಿಲು ಅಂದ ಮೇಲೆ ಚೌಕಟ್ಟು ಬೇಡವಾ ಚಿಕ್ಕಕ್ಕ" ಎಂದ. ಅದು ಉತ್ತರವಲ್ಲ, ಅಭ್ಯಾಸ ಎಂದೆ. ಚೌಕಟ್ಟಿನ ಮರ ಎಷ್ಟು ದಪ್ಪ ಎಂದು ಕೇಳಿದೆ.

ಒಂದೊಂದು ಕಡೆಗೆ ಒಂದೂವರೆ ಇಂಚು.

ಅಂದರೆ ಕಿತ್ತರೆ ಮೂವತ್ತೊಂದು. ಅಂಚಿಗೆ ಗಾರೆ ಅರ್ಧರ್ಧ ಇಂಚು. ಮೂವತ್ತು. ಬಾಗಿಲಿನ ಹಲಗೆ ಮೂವತ್ತೆರಡು, ಎರಡೂ ಕಡೆ ಒಂದೊಂದು ಇಂಚು ಮುಚ್ಚಿಕೊಳ್ಳುತ್ತದೆ. ಇದರಲ್ಲಿ ಕಳೆಯುವುದು ಏನೂ ಇಲ್ಲ.

ಡಿಸೆಂಬರ್ 23, ಸೋಮವಾರ

ರಜೆ ಹಾಕಿದೆ. ಸಾಹೇಬರು ಕಾರಣ ಕೇಳಿದರು. ಬಚ್ಚಲಿನ ಬಾಗಿಲು ಎಂದೆ. ಇಪ್ಪತ್ತೆರಡು ವರ್ಷದಲ್ಲಿ ನಾನು ಕೇಳಿದ ಏಳನೇ ರಜೆ ಎಂದು ಕಡತ ನೋಡಿ ಅವರೇ ಹೇಳಿ ಸಹಿ ಹಾಕಿದರು.

ಚೌಕಟ್ಟು ಕೀಳುವುದು ಕಟ್ಟೆ ಒಡೆದಂತಲ್ಲ. ಕಟ್ಟೆಗೆ ಸಿಟ್ಟು ಸಾಕು, ಇದಕ್ಕೆ ತಾಳ್ಮೆ ಬೇಕು. ಉಳಿ ಇಟ್ಟು ಸುತ್ತ ಬಿಡಿಸಿ, ಸನ್ನೆಕೋಲು ಹಾಕಿ ಮೀಟಿದೆ. ಎಡಗಡೆಯದು ಹತ್ತು ಗಂಟೆಗೆ ಬಂತು. ಬಲಗಡೆಯದು ಮೂರು ಗಂಟೆಗೆ, ಜೊತೆಗೆ ಒಂದು ಇಟ್ಟಿಗೆಯನ್ನೂ ಎಳೆದುಕೊಂಡು. ಇಟ್ಟಿಗೆಯನ್ನು ಮತ್ತೆ ಕೂರಿಸಿದೆ. ಗಾರೆ ಬಳಿದೆ. ಮೊದಲನೆಯ ಸಲ ಪೂರ್ತಿ ಜಾರಿ ನೆಲಕ್ಕೆ ಬಿತ್ತು. ನೀರು ಹೆಚ್ಚಾಗಿತ್ತು. ಎರಡನೆಯ ಸಲ ನಿಂತಿತು.

ಸಂಜೆ ತಮ್ಮನ ಹೆಂಡತಿ ಊಟ ತಂದಳು. ನನ್ನ ತಲೆಯಲ್ಲಿ ಸಿಮೆಂಟು ನೋಡಿ, "ಅತ್ತಿಗೆ, ಒಂದೇ ದಿನಕ್ಕೆ ಹತ್ತು ವರ್ಷ ವಯಸ್ಸಾಯ್ತಲ್ಲ" ಎಂದಳು. ಕನ್ನಡಿ ನೋಡಿಕೊಳ್ಳಲು ಪುರುಸೊತ್ತಾಗಲಿಲ್ಲ.

ಡಿಸೆಂಬರ್ 25, ಬುಧವಾರ

ಗಾರೆ ಒಣಗಿತು. ಚಿಲಕದ ಕೊಂಡಿ ಕೂರಿಸಿದೆ, ನೆಲದಿಂದ ಮೂವತ್ತಾರು ಇಂಚು ಎತ್ತರಕ್ಕೆ. ಸ್ಟೂಲಿನ ಮೇಲೆ ಕೂತು ಹಾಕಿ ತೆಗೆದು ಹಾಕಿ ತೆಗೆದು ನೋಡಿದೆ.

ಕೋಲು ಹಿಡಿದು ನಡೆದೆ. ಹೋಯಿತು. ಹನ್ನೆರಡು ಸಲ ಹೋಗಿ ಬಂದೆ. ತಮ್ಮ ಕೆಲಸ ಮುಗಿಸಿ ಬಂದವನು ಅಂಚಿನ ಗಾರೆಯ ಮೇಲೆ ಬೆರಳಾಡಿಸಿ, ಬೆಳಕು ಬಿಟ್ಟು ನೋಡಿ, ಒಂದು ಕಡೆ ಕೂದಲೆಳೆಯಷ್ಟು ಸೊಟ್ಟಗಿದೆ ಎಂದ. ಅದು ಅವನ ಮೆಚ್ಚುಗೆ. ಆಮೇಲೆ ನನ್ನ ಕಚೇರಿಯ ಚೀಲದಿಂದ ಮುದ್ರೆ ತೆಗೆಯಲು ಹೇಳಿದ. ಸರ್ಕಾರಿ ಮುದ್ರೆ ಮನೆಗೆ ತರುವಂತಿಲ್ಲ ಎಂದೆ. ಪೆನ್ಸಿಲ್ಲಿನಲ್ಲೇ ಗಾರೆಯ ಮೇಲೆ ಒಂದು ಗುಂಡಗಿನ ಗುರುತು ಹಾಕಿ ಅದರೊಳಗೆ 30 ಎಂದು ಬರೆದ.

ಡಿಸೆಂಬರ್ 26, ಗುರುವಾರ

ನಾಲ್ಕು ಗಂಟೆಗೆ ಗಾಡಿ ಬಂತು. ಎಲ್ಲರೂ ಹೊರಗೆ ಓಡಿದರು. ಭಾವ ಇಳಿದು ಕುರ್ಚಿ ಬಿಡಿಸಿದರು. ಅಕ್ಕ ಗಾಡಿಯ ಸೀಟಿನಿಂದ ತಾನೇ ಕುರ್ಚಿಗೆ ಸರಿದಳು. ಅದು ಅವಳಿಗೆ ಅಭ್ಯಾಸವಾಗಿದೆ. ಗೇಟಿನ ಹೊರಗೇ ನಿಂತು ಹಸಿರು ದಾರಿಯನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದಳು. ಕಟ್ಟೆ ಇದ್ದ ಜಾಗವನ್ನೂ ನೋಡಿದಳು.

ಭಾವನ ಕೈ ತಾನಾಗಿಯೇ ಕುರ್ಚಿಯ ಹಿಡಿಕೆಗೆ ಹೋಯಿತು. "ಭಾವ, ಕೈ ತೆಗೀರಿ. ಎಲ್ಲರೂ ಒಳಗೆ ನಡೀರಿ, ಹಿಂದೆ ಯಾರೂ ನಿಲ್ಲಬೇಡಿ" ಎಂದೆ. ನಡೆದರು. ಬಾಗಿಲ ಹತ್ತಿರ ಎಲ್ಲರೂ ಗುಂಪಾಗಿ ನಿಂತರು. ಭಾವ ಎರಡೂ ಕೈ ಕಂಕುಳಲ್ಲಿ ಸಿಕ್ಕಿಸಿಕೊಂಡಿದ್ದರು, ಇಲ್ಲದಿದ್ದರೆ ಅವು ಎಲ್ಲಿ ಓಡಿಬಿಡುತ್ತವೋ ಎಂಬಂತೆ.

ಅಕ್ಕ ಗಾಲಿ ಹಿಡಿದಳು. ಮೊದಲ ಆರು ಅಡಿ ಸಲೀಸಾಗಿ ಬಂದಳು. ಆಮೇಲೆ ನಿಧಾನ. ಹನ್ನೆರಡನೇ ಅಡಿಯಲ್ಲಿ ನಿಂತಳು, ಕಟ್ಟೆ ಇದ್ದಲ್ಲಿಯೇ. ಉಸಿರು ನಮಗೂ ಕೇಳುತ್ತಿತ್ತು. ಕುರ್ಚಿ ಅರ್ಧ ಅಡಿ ಹಿಂದಕ್ಕೆ ಜಾರಿತು. ಅವಳ ಮಗಳು ಒಂದು ಹೆಜ್ಜೆ ಇಟ್ಟಳು, ನಾನು ಅವಳ ಮೊಣಕೈ ಹಿಡಿದೆ. ಚಿಕ್ಕಮ್ಮ ಗುಟ್ಟಾಗಿ ಹೇಳುತ್ತಿದ್ದೇನೆಂದು ತಿಳಿದು, ಇಡೀ ಬೀದಿಗೆ ಕೇಳುವ ಹಾಗೆ, "ಬರ್ತಾಳೆ ಬಿಡ್ರೇ, ಅವಳು ಹುಟ್ಟುವಾಗಲೂ ಹೀಗೇ ನಿಂತು ನಿಂತು ಬಂದೋಳು" ಎಂದರು.

ಅಕ್ಕನಿಗೆ ನಗು ಬಂತು. ನಗುತ್ತಲೇ ಗಾಲಿಯನ್ನು ಮುಂದಕ್ಕೆ ಒತ್ತಿದಳು. ಇನ್ನೊಂದು ಸಲ ಒತ್ತಿದಳು. ಹದಿಮೂರು, ಹದಿನಾಲ್ಕು. ಮುಖ ಕೆಂಪಾಗಿತ್ತು. ಕತ್ತಿನ ನರ ಉಬ್ಬಿತ್ತು. ಸಜ್ಜೆಯ ಕಡೆ ನೋಡಲಿಲ್ಲ, ನೇರವಾಗಿ ನಮ್ಮ ಕಡೆಗೇ ನೋಡುತ್ತಾ ಬಂದಳು. ಮುಂದಿನ ಗಾಲಿ ಹೊಸ್ತಿಲ ಹಲಗೆ ಮುಟ್ಟಿದಾಗ ಗುಂಪು ಎರಡಾಗಿ ದಾರಿ ಬಿಟ್ಟಿತು.

ನನ್ನ ಹತ್ತಿರ ಬಂದು ಕುರ್ಚಿ ನಿಲ್ಲಿಸಿದಳು. "ಈ ಬಣ್ಣ ಯಾರು ಆರಿಸಿದ್ದು?"

"ಡಬ್ಬಿ ಮೇಲೆ ಬೂದು ಅಂತಿತ್ತು."

"ಹಾಂ" ಎಂದಳು. ನಡುಮನೆ ದಾಟಿ, ಓಣಿಗೆ ತಿರುಗಿ, ನೇರವಾಗಿ ಬಚ್ಚಲಿಗೆ ಹೋದಳು. ಐದು ಗಂಟೆಯ ಪ್ರಯಾಣ ಮಾಡಿ ಬಂದವಳು. ನಾವೆಲ್ಲ ನಡುಮನೆಯಲ್ಲಿ ನಿಂತು ಪ್ರಯಾಣದ ಬಗ್ಗೆ, ಚಳಿಯ ಬಗ್ಗೆ ಜೋರಾಗಿ ಮಾತಾಡಿದೆವು. ಯಾರ ಮಾತೂ ಯಾರಿಗೂ ಕೇಳುತ್ತಿರಲಿಲ್ಲ. ಬಾಗಿಲು ಜಾರಿದ ಸದ್ದು ಬಂತು. ಆಮೇಲೆ, ಒಳಗಿನಿಂದ, ಚಿಲಕ.

ತಮ್ಮ ಗೋಡೆಯ ಕಡೆ ತಿರುಗಿ ಮೂಗು ಒರೆಸಿಕೊಂಡ.

ರಾತ್ರಿ ಊಟಕ್ಕೆ ಮುಂಚೆ ಅಕ್ಕ ಅಪ್ಪನ ಟೇಪು ಕೇಳಿದಳು. ಕತೆ ಅಷ್ಟರಲ್ಲಿ ಅವಳಿಗೂ ತಲುಪಿತ್ತು. ನೀಲಿ ಪಟ್ಟಿಯಿಂದ ತುಂಡು ಕತ್ತರಿಸಿ, ಎರಡು ಇಂಚಿಗೆ ಮಡಚಿ, ಟೇಪಿನ ತುದಿಗೆ ಹೊಲಿದು, ಇಂಚಿಗೊಂದು ದಾರದ ಗಂಟು ಹಾಕಿದಳು. ಇನ್ನು ಮೇಲೆ ಯಾರೂ ಏನೂ ಕಳೆಯಬೇಡಿ ಎಂದಳು. ತಮ್ಮ ತಕ್ಷಣ ಊಟದ ಮೇಜು ಅಳೆದ. ಅರವತ್ತು ಬಂತು. "ಅಂದರೆ ಐವತ್ತೆಂಟು" ಎಂದ.

ಡಿಸೆಂಬರ್ 27, ಶುಕ್ರವಾರ

ಏಳೂವರೆಗೆ ಓಣಿಯಲ್ಲಿ ಸಾಲು. ಭಾವ ಮೊದಲು, ಆಮೇಲೆ ಅಳಿಯ, ಅಕ್ಕನ ಮಗಳು, ನಾನು, ಹಿಂದೆ ಚಿಕ್ಕಮ್ಮ. ಎಲ್ಲರ ಹೆಗಲ ಮೇಲೂ ಟವೆಲ್ಲು. ಒಳಗೆ ಅಕ್ಕ. ಮುಕ್ಕಾಲು ಗಂಟೆಯಾಗಿತ್ತು. ನೀರು ಸುರಿಯುವ ಸದ್ದು, ನಡುನಡುವೆ ಹಾಡು. ಅವಳು ಹಾಡುತ್ತಾಳೆಂಬುದೇ ಮರೆತುಹೋಗಿತ್ತು.

ಭಾವ ಬಾಗಿಲು ತಟ್ಟಿದರು. "ಎಷ್ಟು ಹೊತ್ತೇ? ಇಲ್ಲಿ ಐದು ಜನ ನಿಂತಿದೀವಿ."

ಹಾಡು ನಿಂತಿತು. ಒಂದು ಚೊಂಬು ನೀರು ಬಿದ್ದ ಸದ್ದು.

"ಬೀರು ಒಳಗಿದೆ. ಕದಲಲ್ಲ. ಕಾಯಿರಿ."

ಎಲ್ಲರೂ ನನ್ನ ಕಡೆ ತಿರುಗಿದರು.

"ಕದಲೋದು ಬೇಡ" ಎಂದು ಕೂಗಿದೆ. "ನಾಲ್ಕು ಜನ ಎತ್ತೋರು ಈಗ ಸಿಗೋದೂ ಇಲ್ಲ."

ಒಳಗೆ ಅಕ್ಕ ನಗಲು ಶುರುಮಾಡಿದಳು. ಚೊಂಬು ಕೈಜಾರಿ ನೆಲಕ್ಕೆ ಬಿದ್ದು ಉರುಳಿತು, ಆದರೂ ನಗು ನಿಲ್ಲಲಿಲ್ಲ. ಓಣಿಯಲ್ಲಿ ಒಬ್ಬೊಬ್ಬರಾಗಿ ಎಲ್ಲರೂ. ಚಿಕ್ಕಮ್ಮ ಏನಾಯ್ತು ಏನಾಯ್ತು ಎಂದು ಎಲ್ಲರನ್ನೂ ಕೇಳಿ, ಯಾರೂ ಹೇಳುವ ಸ್ಥಿತಿಯಲ್ಲಿಲ್ಲದ್ದು ನೋಡಿ ತಾವೂ ನಕ್ಕರು.

ನನ್ನ ಸರದಿ ಬಂದಾಗ ಬಿಸಿನೀರು ಮುಗಿದಿತ್ತು. ತಣ್ಣೀರಿನಲ್ಲೇ ಮಿಂದೆ.